ಡೈನಮೋಡಿಬಿ ಕ್ವೆರಿಯಲ್ಲಿ ಡೇಟಾ ಬರುತ್ತಿಲ್ಲವೇ?

ಎಲ್ಲರಿಗೂ ನಮಸ್ಕಾರ. ಡೈನಮೋಡಿಬಿ (ಅಮೆಜಾನ್‌ನ ಕ್ಲೌಡ್ ಡೇಟಾಬೇಸ್) ಟೇಬಲ್‌ನಲ್ಲಿ ಇರುವ ಡೇಟಾ ಕ್ವೆರಿಗೆ, ಅಂದರೆ ಹುಡುಕಾಟಕ್ಕೆ, ಸಿಗದಿದ್ದರೆ ಗಾಬರಿಯಾಗಿ ಮತ್ತೆ ತುಂಬಿಸಬೇಡಿ, ದಯವಿಟ್ಟು. ಮೊದಲು ಉತ್ತರದಲ್ಲಿ ಲಾಸ್ಟ್‌ಇವ್ಯಾಲ್ಯುಯೇಟೆಡ್‌ಕೀ (LastEvaluatedKey, ಎಲ್ಲಿಯ ತನಕ ಓದಿದೆ ಎನ್ನುವ ಗುರುತು) ಇದೆಯಾ ನೋಡಿ. ಕ್ವೆರಿ ಒಂದು ಸಲಕ್ಕೆ ಹೆಚ್ಚೆಂದರೆ 1 ಎಂಬಿ ಓದುತ್ತದೆ. ಫಿಲ್ಟರ್ ಕೆಲಸ ಮಾಡುವುದು ಓದಿದ ಮೇಲೆ. ಹಾಗಾಗಿ ಈ ಪುಟ (ಒಂದು ಸಲಕ್ಕೆ ಬರುವ ಉತ್ತರ) ಪೂರ್ತಿ ಖಾಲಿ ಬಂದರೂ ನಿಮಗೆ ಬೇಕಾದದ್ದು ಮುಂದಿನ ಪುಟದಲ್ಲಿ ಇರಬಹುದು. ಲಿಮಿಟ್ 10 ಕೊಟ್ಟರೂ ಅಷ್ಟೇ, 10 ಐಟಂ ಓದಿ ಆಮೇಲೆ ಸೋಸುತ್ತದೆ. ಆ ಕೀಯನ್ನೇ ಮುಂದಿನ ಕ್ವೆರಿಯ ಎಕ್ಸ್‌ಕ್ಲೂಸಿವ್‌ಸ್ಟಾರ್ಟ್‌ಕೀಗೆ (ExclusiveStartKey, ಎಲ್ಲಿಂದ ಮುಂದೆ ಓದಬೇಕು ಎಂದು ಹೇಳುವುದು) ಕೊಟ್ಟು, ಅದು ಬರುವುದು ನಿಲ್ಲುವ ತನಕ ಲೂಪ್ ಓಡಿಸಿ. ನನಗನಿಸುವಂತೆ ಜಾಸ್ತಿ ತೊಂದರೆಗಳು ಇಲ್ಲೇ ಬಗೆಹರಿಯುತ್ತವೆ.

ಗ್ಲೋಬಲ್ ಸೆಕೆಂಡರಿ ಇಂಡೆಕ್ಸ್ (ಟೇಬಲ್ ಅನ್ನು ಬೇರೆ ಕೀಯಿಂದ ಹುಡುಕಲು ಮಾಡುವ ಸೂಚಿ) ಬಳಸುತ್ತಿದ್ದೀರಾ? ಇಂಡೆಕ್ಸ್‌ನ ಕೀ ಇಲ್ಲದ ಐಟಂ ಅಲ್ಲಿ ಕಾಣುವುದೇ ಇಲ್ಲ. ಈಗಷ್ಟೇ ಬರೆದದ್ದು ಸ್ವಲ್ಪ ತಡವಾಗಿಯೂ ಬರಬಹುದು.

ಆಗಲೂ ಸಿಗದಿದ್ದರೆ, ಗ್ರಾಹಕರ ಮಾಹಿತಿ ತೆಗೆದು ಕ್ವೆರಿಯನ್ನು ಇಲ್ಲಿ ಹಾಕಿ. ಸೇರಿ ನೋಡೋಣ.