ಗೋಡೆಗೇರಿದ ಕಸೂತಿಗೂ ಎಳೆಯ ಲೆಕ್ಕ ಬೇಕು

ಮಾನ್ಯರೆ,

ಇಳಕಲ್ ಸೀರೆಯ ಮೇಲಿನ ಕಸೂತಿಯ ತೇರು, ಗೋಪುರ, ಆನೆ ಅಂಬಾರಿಗಳನ್ನು ಈಗಿನ ಕಲಾವಿದರು ಕ್ಯಾನ್ವಾಸಿಗೆ, ಗೋಡೆಗೆ ತರುತ್ತಿರುವುದು ಸಂತೋಷ. ಆದರೆ ಹಲವೆಡೆ ಗೆರೆಗಳು ಬಳ್ಳಿಯಂತೆ ಬಳುಕಿವೆ. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಅದರ ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಮರಳುವಾಗ ಖಾಲಿ ಜಾಗ ತುಂಬುತ್ತದೆ. ಗಂಟಿಲ್ಲ, ಎರಡೂ ಮಗ್ಗುಲು ಒಂದೇ ರೂಪ. ದಾರ ಅಡ್ಡ, ಉದ್ದ, ಓರೆ ಮಾತ್ರ ಓಡುತ್ತದೆ.

ಫೋಟೊವನ್ನು ಪ್ರೊಜೆಕ್ಟರ್‌ನಲ್ಲಿ ಹಿಗ್ಗಿಸಿ ಗೆರೆ ಎಳೆದರೆ ಸೀರೆಯ ಸುಕ್ಕೂ ಗೋಡೆಗೆ ಬರುತ್ತದೆ. ಮೊದಲು ಗ್ರಾಫ್ ಹಾಳೆಯಲ್ಲಿ ಒಂದು ಹೊಲಿಗೆಗೆ ಒಂದು ಚೌಕ ಹಿಡಿದು ಬಿಡಿಸಬೇಕು. ಗೋಡೆಯ ಚೌಕ 5 ಸೆಂ.ಮೀ. ಇಟ್ಟರೆ 40 ಹೊಲಿಗೆ ಅಗಲದ ಗೋಪುರಕ್ಕೆ 2 ಮೀಟರ್ ಜಾಗ ಬೇಕು. ನಡುವಿನಿಂದಲೇ ಶುರು ಮಾಡಿ; ಅಂಚಿನಿಂದ ಹೊರಟು ಒಂದೇ ಚೌಕ ತಪ್ಪಿದರೂ ಎರಡು ಬದಿ ಕೂಡುವುದಿಲ್ಲ. ಗೆರೆಗಳ ನಡುವೆ ತುಸು ಸಂದು ಬಿಟ್ಟರೆ ಹೊಲಿಗೆಯ ಗುರುತು ಉಳಿಯುತ್ತದೆ.

ಹೊಸ ಚಿತ್ರ ಬೇಡವೆನ್ನುತ್ತಿಲ್ಲ. ಹಿಂದಿನ ಹೆಣ್ಣುಮಕ್ಕಳೂ ಕಣ್ಣೆದುರಿನ ತುಳಸಿಕಟ್ಟೆ, ತೊಟ್ಟಿಲುಗಳನ್ನೇ ಹೊಲಿದರು. ಕಬ್ಬಿನ ಟ್ರ್ಯಾಕ್ಟರ್ ಧಾರಾಳವಾಗಿ ಬರಲಿ, ಗಾಲಿ ಮಾತ್ರ ಎಂಟು ಮೂಲೆಯದಾಗಿರಲಿ. ಬಣ್ಣ ಹಚ್ಚುವ ಮುನ್ನ ಗ್ರಾಫನ್ನು ಊರಿನ ಕಸೂತಿ ಬಲ್ಲ ತಾಯಂದಿರಿಗೆ ತೋರಿಸಿ, ಅವರಿಗೂ ಸಂಭಾವನೆ ಕೊಡಬೇಕು.

– ಕಸೂತಿ ಆಸಕ್ತರು, ಇಳಕಲ್, ಬಾಗಲಕೋಟೆ ಜಿಲ್ಲೆ