ಆ ಪುಸ್ತಕದಲ್ಲಿ ನಿನ್ನ ಪಾಲು ಎಷ್ಟು?

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಓದಿದೆ. ಹೈಸ್ಕೂಲಿನಲ್ಲಿದ್ದಾಗ ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದ್ದ ‘ಟ್ವೈಲೈಟ್’ ಅನ್ನು ಮತ್ತೆ ತೆಗೆದೆ, ನೂರು ಪುಟ ದಾಟುವಷ್ಟರಲ್ಲಿ ಬೇಸರ ಬಂತು, ಇದನ್ನು ಅಷ್ಟೊಂದು ಇಷ್ಟಪಟ್ಟವಳು ನಾನೇನಾ ಅಂತ ನಾಚಿಕೆಯಾಯಿತು ಎಂದು ಬರೆದಿದ್ದೀಯ. ನೀನು ಬರೆಯುತ್ತಿರುವ ಪ್ರೇಮಕಾದಂಬರಿಯನ್ನು ನಿಲ್ಲಿಸಿಬಿಡಲಾ ಅಂತಲೂ ಕೇಳಿದ್ದೀಯ. ನಿಲ್ಲಿಸಬೇಡ. ನಾಚಿಕೆಯನ್ನು ಬಿಟ್ಟುಬಿಡು. ಬೇಸರವನ್ನು ಮಾತ್ರ ಬಿಡಬೇಡ, ಅದರಿಂದ ನಿನಗೆ ಕೆಲಸವಿದೆ.

ಮೊದಲು ಇದನ್ನು ಹೇಳು. ಕತೆಯ ನಾಯಕಿ ಬೆಲ್ಲಾ ಎಂಥವಳು? ಬಿಳಿಚಿಕೊಂಡ ಮುಖ, ಕಂದು ಕೂದಲು, ಎಲ್ಲಿ ಹೋದರೂ ಎಡವುತ್ತಾಳೆ, ಹಳೆಯ ಕಾದಂಬರಿ ಓದುತ್ತಾಳೆ, ಅಪ್ಪನಿಗೆ ಅಡುಗೆ ಮಾಡಿಕೊಡುತ್ತಾಳೆ. ಇಷ್ಟಾದ ಮೇಲೆ ಮಾತು ನಿಲ್ಲುತ್ತದೆ, ಅಲ್ವಾ? ಅದೇ ಅವಳು ಪ್ರೀತಿಸುವ, ರಕ್ತ ಹೀರುವ ವ್ಯಾಂಪೈರ್ ಎಡ್ವರ್ಡ್ ಬಗ್ಗೆ ಕೇಳಿದರೆ ನೀನು ಗಂಟೆಗಟ್ಟಲೆ ಹೇಳಬಲ್ಲೆ. ಹಸಿವಾದಾಗ ಅವನ ಕಣ್ಣು ಕಪ್ಪಾಗುವುದು, ಹಸಿವು ತೀರಿದಾಗ ಹೊನ್ನಿನ ಬಣ್ಣಕ್ಕೆ ತಿರುಗುವುದು, ಕೈಯ ತಣ್ಣನೆಯ ಸ್ಪರ್ಶ, ಎಲ್ಲ. ಕತೆ ಹೇಳುವವಳು ಬೆಲ್ಲಾ. ಅವಳ ಕಣ್ಣು ಸದಾ ಅವನ ಮೇಲಿರುತ್ತದೆ. ಹಾಗಾಗಿ ಅವಳು ಇರಬೇಕಾದ ಜಾಗ ಬಹುಪಾಲು ಖಾಲಿ. ಆ ಜಾಗದಲ್ಲಿ 14ರ ನೀನು ಹೋಗಿ ಕೂತೆ. ನಿನ್ನ ಒಂಟಿತನ, ಹೊಸ ಶಾಲೆಯ ಭಯ, ಯಾರಾದರೂ ತನ್ನನ್ನು ಗಮನಿಸಲಿ ಎಂಬ ಆಸೆ, ಎಲ್ಲವನ್ನೂ ಅಲ್ಲಿ ತುಂಬಿದೆ. ಈ ಸಲ ಓದುವಾಗ ನೀನು ತುಂಬಲಿಲ್ಲ. ಹಾಳೆಯ ಮೇಲೆ ಇದ್ದಷ್ಟೇ ಕಂಡಿತು. ಅವತ್ತಿನ ಪ್ರೀತಿ ಸುಳ್ಳಲ್ಲ ತಂಗಿ, ಅದರಲ್ಲಿ ಅರ್ಧ ನಿನ್ನದೇ ಸೃಷ್ಟಿ. ನೀನು ಬರೆಯಲು ಶುರುಮಾಡಿದ್ದು ಅಲ್ಲೇ ಎಂದು ನಾನು ನಂಬುತ್ತೇನೆ.

ಈಗ ಮಾಡಬೇಕಾದ ಕೆಲಸ ಇದು. ಪೆನ್ಸಿಲ್ ಹಿಡಿದು ಮೂರನೇ ಸಲ ಓದು. ಯಾವುದು ನಿನ್ನ ಪಾಲು, ಯಾವುದು ಪುಸ್ತಕದ ಪಾಲು ಎಂದು ಗುರುತು ಹಾಕುತ್ತಾ ಹೋಗು. ಪುಸ್ತಕದ ಪಾಲೂ ಸಣ್ಣದಲ್ಲ. ಅದನ್ನು ಬರೆದ ಸ್ಟೆಫನಿ ಮೇಯರ್‌ಗೆ 2003ರ ಜೂನ್ 2ರಂದು ಒಂದು ಕನಸು ಬಿತ್ತು. ಹುಲ್ಲುಬಯಲಲ್ಲಿ ಒಬ್ಬ ಹುಡುಗಿ, ಅವಳನ್ನು ಪ್ರೀತಿಸುವ, ಅವಳ ರಕ್ತಕ್ಕೂ ಹಾತೊರೆಯುವ ಒಬ್ಬ ಹುಡುಗ, ಇಬ್ಬರೂ ಮಾತಾಡುತ್ತಿದ್ದಾರೆ. ಅವರು ಮೊದಲು ಬರೆದದ್ದು ಅದನ್ನೇ. ಪುಸ್ತಕದಲ್ಲಿ ಅದು ಹದಿಮೂರನೇ ಅಧ್ಯಾಯ. ಅಲ್ಲಿಂದ ಕೊನೆಯವರೆಗೆ ಬರೆದು, ಆಮೇಲೆ ಹಿಂದಕ್ಕೆ ಬಂದು ಶುರುವಿನ ಭಾಗ ಬರೆದರು. ಆ ಅಧ್ಯಾಯವನ್ನು ಒಮ್ಮೆ ಬೇರೆಯಾಗಿ ಓದಿ ನೋಡು. ಮುಟ್ಟಬೇಕು, ಮುಟ್ಟಿದರೆ ಅಪಾಯ. ಹದಿಹರೆಯದ ಆಸೆ ಮತ್ತು ಭಯ ಎರಡೂ ಒಂದೇ ಮೈಯಲ್ಲಿ ಇರುತ್ತವಲ್ಲ, ಅದು ಅಲ್ಲಿ ನೇರವಾಗಿ ಸಿಗುತ್ತದೆ. ಈ ಸರಣಿಯ ಎರಡನೇ ಪುಸ್ತಕದಲ್ಲಿ ಎಡ್ವರ್ಡ್ ಬಿಟ್ಟುಹೋದ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಎಂದು ಪುಟಕ್ಕೊಂದು ತಿಂಗಳ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಇವತ್ತಿಗೂ ಅದು ನನಗೆ ಇಷ್ಟ. ದುಃಖವನ್ನು ಹೇಳದೆ ತೋರಿಸಲು ಅವರು ಹುಡುಕಿದ ದಾರಿ ಅದು. ನೀನೂ ನಾನೂ ಅದರಿಂದ ಕಲಿಯಬಹುದು.

ಇನ್ನು ನಿನ್ನನ್ನು ಜಾಸ್ತಿ ಕಾಡಿದ ವಿಷಯ. ಅವನು ಅವಳಿಗೆ ತಿಳಿಯದ ಹಾಗೆ ರಾತ್ರಿ ಕೋಣೆಗೆ ಬಂದು ಅವಳು ಮಲಗಿದ್ದನ್ನು ನೋಡುತ್ತಾ ಕೂರುತ್ತಿದ್ದ. ಅದನ್ನು ಹೇಳಿಕೊಂಡಾಗ ಅವಳಿಗೆ ಒಳಗೊಳಗೇ ಖುಷಿ. ಅವತ್ತು ಅಕ್ಕರೆ ಅನ್ನಿಸಿದ್ದು ಈಗ ಮೈ ನಡುಗಿಸಿತು ಎಂದಿದ್ದೀಯ. ಸರಿಯಾಗಿಯೇ ಇದೆ. ಆದರೆ ಅಷ್ಟಕ್ಕೆ ನಿಲ್ಲಬೇಡ. ಅಂಥ ಹುಡುಗರು ಇದ್ದಾರೆ, ಅದನ್ನು ಪ್ರೀತಿ ಎಂದುಕೊಳ್ಳುವ ಹುಡುಗಿಯರೂ ಇದ್ದಾರೆ. ಅವರ ಕತೆ ಬರೆಯಬಾರದು ಅಂತೇನಿಲ್ಲ. ಹೇಗೆ ಬರೆಯುತ್ತೇವೆ ಎಂಬುದೇ ಎಲ್ಲ. ಮೂರನೇ ಪುಸ್ತಕ ‘ಎಕ್ಲಿಪ್ಸ್’ನಲ್ಲಿ ಬೆಲ್ಲಾ ಗೆಳೆಯ ಜೇಕಬ್‌ನನ್ನು ನೋಡಲು ಹೊರಡುತ್ತಾಳೆ. ಹೋಗಬಾರದೆಂದು ಎಡ್ವರ್ಡ್ ಅವಳ ಗಾಡಿಯ ಇಂಜಿನ್‌ನ ಒಂದು ಭಾಗವನ್ನೇ ಬಿಚ್ಚಿಟ್ಟಿರುತ್ತಾನೆ. ಅವಳು ಸಿಟ್ಟಿನಿಂದ ಮನೆಯೊಳಗೆ ಹೋಗಿ, ಅವನು ಬರುವ ಕಿಟಕಿಯನ್ನು ಮುಚ್ಚುತ್ತಾಳೆ. ಸ್ವಲ್ಪ ಹೊತ್ತು ನಿಂತು, ನಿಟ್ಟುಸಿರು ಬಿಟ್ಟು, ಮತ್ತೆ ಪೂರ್ತಿ ತೆರೆಯುತ್ತಾಳೆ. ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ನಡುವೆ ಏನಾಯಿತು? ಅವಳು ಏನೇನು ಯೋಚಿಸಿದಳು, ಯಾವುದಕ್ಕೆ ಹೆದರಿದಳು, ಯಾವುದನ್ನು ನುಂಗಿಕೊಂಡಳು? ಒಂದು ಇಡೀ ಅಧ್ಯಾಯ ಇರಬೇಕಾದಲ್ಲಿ ನಾಲ್ಕು ಸಾಲು ಇದೆ. ನಿನಗಾದ ನಿರಾಸೆಯ ಬೇರು ಇಲ್ಲಿದೆ ಅನ್ನಿಸುತ್ತದೆ ನನಗೆ. ಹುಡುಗ ಕೆಟ್ಟವನು ಎಂಬುದಕ್ಕಿಂತ, ಹುಡುಗಿಯ ಮನಸ್ಸು ತಿರುಗಿದ್ದನ್ನು ಪುಸ್ತಕ ನಮಗೆ ತೋರಿಸಲಿಲ್ಲ.

ತ್ರಿವೇಣಿಯವರ ‘ಬೆಳ್ಳಿಮೋಡ’ದ ಇಂದಿರಾಳನ್ನು ನೆನಪಿಸಿಕೋ. ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತು ಎಂದಾಗ ಮೋಹನ್ ಅವಳನ್ನು ಬೇಡ ಎನ್ನುತ್ತಾನೆ. ಮುಂದೆ ಪೆಟ್ಟು ತಿಂದು ಮಲಗಿದವನಿಗೆ ಅವಳೇ ಆರೈಕೆ ಮಾಡುತ್ತಾಳೆ. ಆಗ ಅವನ ಮನಸ್ಸು ಕರಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಆರೈಕೆಯ ಅಷ್ಟೂ ದಿನ ನಾವು ಅವಳ ಜೊತೆಗೆ ಇದ್ದಿದ್ದರಿಂದ ಆ ‘ಒಲ್ಲೆ’ ನಮಗೆ ಅರ್ಥವಾಗುತ್ತದೆ. 1963ರಲ್ಲಿ ತೀರಿಕೊಂಡಾಗ ತ್ರಿವೇಣಿಯವರಿಗೆ ಇನ್ನೂ 35 ತುಂಬಿರಲಿಲ್ಲ. ಹೆಣ್ಣಿನ ಮನಸ್ಸಿನ ಒಳಗೆ ಅಷ್ಟು ಹೊತ್ತು ಕೂರುವ ತಾಳ್ಮೆ ಅವರಿಗೆ ಅಷ್ಟರಲ್ಲೇ ಬಂದಿತ್ತು. ನಮ್ಮ ಜನಪ್ರಿಯ ಕಾದಂಬರಿಗಳನ್ನು ಹಗುರವಾಗಿ ಕಾಣುವವರು ಇದನ್ನು ಮತ್ತೆ ಓದಲಿ ಎಂಬ ಆಸೆ ನನಗೆ.

ನಿನ್ನ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನೂ ಹೇಳಬೇಕು. ಕಾದಂಬರಿಯಲ್ಲಿ ತೋಳವಾಗಿ ಬದಲಾಗುವ ಜೇಕಬ್‌ನ ಕ್ವಿಲ್ಯೂಟ್ ಬುಡಕಟ್ಟು ನಿಜವಾದದ್ದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ಲಾ ಪುಷ್ ಎಂಬಲ್ಲಿ ಅವರು ಇದ್ದಾರೆ. ತೋಳಗಳಿಂದ ತಾವು ಮನುಷ್ಯರಾದೆವು ಎಂಬುದು ಅವರ ಮೂಲಕಥೆ. ರಕ್ತ ಹೀರುವವರ ಜೊತೆಗಿನ ಹಗೆಯನ್ನು ಕಾದಂಬರಿ ಸೇರಿಸಿತು. ಓದಿದವರಿಗೆ ಈ ಎರಡರ ಗೆರೆ ಕಾಣಲಿಲ್ಲ. ನಿನ್ನ ಕತೆಯ ಹುಡುಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರವನು ಎಂದಿದ್ದೀಯ. ರಂಗಸ್ವಾಮಿಯನ್ನು ಭಾವ ಎಂದು ಕರೆಯುವ ಜನ ಅವರು. ಅವರ ದೇವರ ಕತೆಗೆ ನಿನ್ನ ಕಲ್ಪನೆ ಸೇರಿಸುವ ಮುಂಚೆ ಅಲ್ಲಿಗೆ ಹೋಗು, ಹಿರಿಯರ ಹತ್ತಿರ ಕೂತು ಕೇಳು, ನೀನು ಬರೆದದ್ದನ್ನು ಅವರಿಗೆ ಓದಿಹೇಳು.

ಮೇಯರ್ ಕೂಡ ತಮ್ಮ ಪುಸ್ತಕಕ್ಕೆ ಮರಳಿ ಬಂದಿದ್ದಾರೆ. 2015ರಲ್ಲಿ ಹುಡುಗ ಹುಡುಗಿಯರ ಪಾತ್ರ ಅದಲುಬದಲು ಮಾಡಿ ಅದೇ ಕತೆ ಬರೆದರು, 2020ರಲ್ಲಿ ಎಡ್ವರ್ಡ್ ಕಡೆಯಿಂದ ಬರೆದರು. ಬರೆದವರಿಗೇ ಮತ್ತೆ ನೋಡಬೇಕು ಅನ್ನಿಸಿದ ಮೇಲೆ, ಓದಿದ ನಿನಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನೀನು ಕಳಿಸಿದ ಮೂರನೇ ಅಧ್ಯಾಯ ನನ್ನ ಮುಂದೆ ಇದೆ. ಹುಡುಗ ಕೇಳದೆಯೇ ಹುಡುಗಿಯ ಮೊಬೈಲ್ ತೆಗೆದು ಮೆಸೇಜುಗಳನ್ನು ನೋಡುತ್ತಾನೆ. ಅವಳು ನಗುತ್ತಾಳೆ. ಮುಂದಿನ ಪ್ಯಾರಾದಲ್ಲಿ ಇಬ್ಬರೂ ಬಸ್ಸಿನಲ್ಲಿದ್ದಾರೆ. ಅವಳು ಯಾಕೆ ನಕ್ಕಳು? ನಿಜಕ್ಕೂ ನಗು ಬಂತಾ, ಹೆದರಿಕೆಗೆ ನಕ್ಕಳಾ, ಇವನಿಗೆ ನಾನು ಇಷ್ಟು ಮುಖ್ಯ ಎಂಬ ಖುಷಿಗಾ? ಮೂರೂ ಇರಬಹುದು. ಆ ನಗುವಿಗೂ ಬಸ್ಸಿಗೂ ನಡುವಿನ ಪುಟಗಳನ್ನು ಬರೆದು ಮುಂದಿನ ತಿಂಗಳೊಳಗೆ ನನಗೆ ಕಳಿಸು.

ನಿನ್ನ
ಅಕ್ಕ