ಬೆಳಗಿನ ಓಟಗಾರರ ಶೂಗೆ ಎಲಾಸ್ಟಿಕ್ ಲೇಸ್ ಬರಲಿ

ಮಾನ್ಯ ಸಂಪಾದಕರೇ,

ಕುಂಬಳೆಯಿಂದ ಬದಿಯಡ್ಕದ ಕಡೆ ಹೋಗುವ ರಸ್ತೆಯಲ್ಲಿ ಬೆಳಗ್ಗೆ ಐದೂವರೆಗೆ ನಿಂತು ನೋಡಿ, ಓಡುವವರು, ಬಿರುಸಾಗಿ ನಡೆಯುವವರು ಎಷ್ಟು ಜನ! ಹೆಂಗಸರಿದ್ದಾರೆ, ಕಾಲೇಜು ಮಕ್ಕಳಿದ್ದಾರೆ, ನಿವೃತ್ತರಾದ ಮಾಸ್ತರುಗಳೂ ಇದ್ದಾರೆ. ನೋಡುವುದಕ್ಕೇ ಖುಷಿ. ಆದರೆ ಅವರಲ್ಲಿ ಯಾರಾದರೊಬ್ಬರು ದಾರಿ ಬದಿಯಲ್ಲಿ ಬಗ್ಗಿ ಶೂ ಲೇಸ್ ಕಟ್ಟುತ್ತಿರುವುದು ದಿನವೂ ಕಣ್ಣಿಗೆ ಬೀಳುತ್ತದೆ. ಸರಿಯಾಗಿ ಬೆಳಕಾಗಿರುವುದಿಲ್ಲ, ಹಿಂದಿನಿಂದ ಮೀನಿನ ಲಾರಿ ಬರುತ್ತಿರುತ್ತದೆ, ಬಗ್ಗಿ ಕೂತವರು ಡ್ರೈವರ್ ಕಣ್ಣಿಗೆ ಕಾಣುವುದು ಕಷ್ಟ. ಅದಕ್ಕೇ ಈ ಪತ್ರ.

ಗಂಟು ಹಾಕಬೇಕಾಗಿಲ್ಲದ ಎಲಾಸ್ಟಿಕ್ ಲೇಸ್ ಸಿಗುತ್ತದೆ. ಉರುಟಾದ ಸಣ್ಣ ಎಲಾಸ್ಟಿಕ್ ದಾರ ಅದು. ಶೂವಿನ ತೂತುಗಳಲ್ಲಿ ಪೋಣಿಸಿ, ಮೇಲೆ ಒಂದು ಸ್ಪ್ರಿಂಗ್ ಬಟನ್ ಹಾಕುತ್ತಾರೆ. ರೈನ್‌ಕೋಟಿನ ಟೋಪಿಯ ದಾರಕ್ಕೆ ಇರುತ್ತದಲ್ಲ, ಒತ್ತಿದರೆ ಜಾರುವ, ಬಿಟ್ಟರೆ ಹಿಡಿಯುವ ಬಟನ್, ಅಂಥದ್ದೇ. ಬಿಗಿ ಒಮ್ಮೆ ಸರಿ ಮಾಡಿ, ಉಳಿದ ದಾರ ಕತ್ತರಿಸಿ, ತುದಿಗೆ ಕ್ಲಿಪ್ ಹಾಕಿದರೆ ಮುಗಿಯಿತು. ಆಮೇಲೆ ಹಿಮ್ಮಡಿ ಹತ್ತಿರ ಎಳೆದು ಕಾಲು ತೂರಿಸಿದರೆ ಸಾಕು.

ಇದು ಸೋಮಾರಿಗಳಿಗೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸರಿಯಾಗಿ ಕಟ್ಟಿದ ಲೇಸೂ ಯಾಕೆ ಬಿಚ್ಚುತ್ತದೆ ಎಂದು 2017ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರುಗಳು ಟ್ರೆಡ್‌ಮಿಲ್ ಮೇಲಿನ ಓಟವನ್ನು ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಹಿಡಿದು ತೋರಿಸಿಕೊಟ್ಟಿದ್ದಾರೆ. ಓಡುವಾಗ ಕಾಲು ನೆಲಕ್ಕೆ ಬಡಿಯುವ ಜೋರು ಗುರುತ್ವಾಕರ್ಷಣೆಯ ಸುಮಾರು 7 ಪಟ್ಟು. ಆ ಪೆಟ್ಟಿಗೆ ಗಂಟು ಸಡಿಲವಾಗುತ್ತದೆ, ಕಾಲು ಬೀಸುವಾಗ ನೇತಾಡುವ ತುದಿಗಳು ಅದನ್ನು ಹೊರಕ್ಕೆ ಎಳೆಯುತ್ತವೆ. ಪೆಟ್ಟು ಮಾತ್ರ ಇದ್ದರೂ, ಬೀಸು ಮಾತ್ರ ಇದ್ದರೂ ಬಿಚ್ಚುವುದಿಲ್ಲ, ಎರಡೂ ಸೇರಬೇಕು, ಓಟದಲ್ಲಿ ಎರಡೂ ಸೇರುತ್ತವೆ. ಸಡಿಲವಾಗುವುದು ನಿಧಾನ, ಆದರೆ ಒಮ್ಮೆ ಜಾರಲು ಶುರುವಾದರೆ ಕೆಲವೇ ಹೆಜ್ಜೆಯೊಳಗೆ ಪೂರಾ ಬಿಚ್ಚಿ ಬೀಳುತ್ತದೆ. ಎಲಾಸ್ಟಿಕ್ ಲೇಸಿನಲ್ಲಿ ಗಂಟೂ ಇಲ್ಲ, ನೇತಾಡುವ ಉದ್ದ ತುದಿಯೂ ಇಲ್ಲ. ಬಿಚ್ಚುವುದಕ್ಕೆ ಏನಿದೆ?

ಇದನ್ನು ಜಾಸ್ತಿ ಬಳಸುವವರು ಟ್ರಯಥ್ಲಾನ್‌ನವರು. ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಮುಗಿಸುವ ಆಟ ಅದು, 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸಿನಲ್ಲೂ ಇದೆ. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನಮಗೆ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಗೋವಾದಲ್ಲಿ 2019ರಲ್ಲಿ ಐರನ್‌ಮ್ಯಾನ್ 70.3 ಎಂಬ ಇನ್ನೂ ಉದ್ದದ ಟ್ರಯಥ್ಲಾನ್ ಶುರುವಾಯಿತು, ಅದರಲ್ಲಿ ಸೈಕಲ್ಲೇ 90 ಕಿ.ಮೀ. ಅಷ್ಟು ತುಳಿದು ಇಳಿದಾಗ ತೊಡೆ ಮರಗಟ್ಟಿರುತ್ತದೆ, ಬೆರಳು ಬೆವರಿನಿಂದ ಜಾರುತ್ತದೆ, ಬಗ್ಗಿದರೆ ಸ್ನಾಯು ಹಿಡಿದುಕೊಳ್ಳುತ್ತದೆ. ಹೆಲ್ಮೆಟ್ ತೆಗೆದು ಶೂ ಬದಲಿಸುವ ಆ ಹೊತ್ತಿನಲ್ಲೂ ಗಡಿಯಾರ ನಿಲ್ಲುವುದಿಲ್ಲ. ಲೇಸ್ ಕಟ್ಟುವ ಕೆಲಸ ತಪ್ಪಿದರೆ ಉಳಿಯುವುದು ಕೆಲವೇ ಸೆಕೆಂಡ್ ಇರಬಹುದು, ಆದರೆ ಆ ಸ್ಥಿತಿಯಲ್ಲಿ ತಲೆಬಿಸಿ ಒಂದು ಕಡಿಮೆಯಾಗುವುದು ದೊಡ್ಡದು. ನಮ್ಮ ಕರಾವಳಿಯ ಹುಡುಗ ಹುಡುಗಿಯರಿಗೆ ಈಜು ಹೊಸತಲ್ಲ, ಸೈಕಲ್ಲೂ ಹೊಸತಲ್ಲ. ಮುಂದೆ ಅವರು ಈ ಆಟಕ್ಕೆ ಹೋಗಲೇಬೇಕು ಎಂಬುದು ನನ್ನ ಆಸೆ.

ಲೇಸ್ ತಂದು ಸುಮ್ನೆ ಎಳೆದು ಬಿಗಿದರೆ ಆಗುವುದಿಲ್ಲ. ಬಿಗಿ ನೋಡುವುದಕ್ಕೆ ಸಂಜೆ ಹೊತ್ತು ಒಳ್ಳೆಯದು, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ದೂರದ ಓಟದಲ್ಲೂ ಹಾಗೆಯೇ ಊದುತ್ತದೆ. ಓಟಕ್ಕೆ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಪಾದದ ಮೇಲ್ಭಾಗ ಜುಮ್ಮೆಂದರೆ ಬಿಗಿ ಜಾಸ್ತಿಯಾಯಿತು, ಓಡುವಾಗ ಹಿಮ್ಮಡಿ ಮೇಲೇಳುತ್ತಿದ್ದರೆ ಕಡಿಮೆಯಾಯಿತು. ಹಿಮ್ಮಡಿ ಎದ್ದರೆ ಗುಳ್ಳೆ ಬರುವುದು ಖಂಡಿತ. ಮೊದಲು ಮನೆ ಹತ್ತಿರವೇ ಸ್ವಲ್ಪ ಓಡಿ ನೋಡಿ, ಆಮೇಲೆ ದಾರ ಕತ್ತರಿಸಿ. ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲು ಬರುವುದಿಲ್ಲ ಅಲ್ವಾ.

ಎಲ್ಲರಿಗೂ, ಎಲ್ಲಾ ಕಡೆಗೂ ಇದೇ ಸರಿ ಎಂದು ನಾನು ಹೇಳುತ್ತಿಲ್ಲ. ಫುಟ್ಬಾಲ್, ಶಟಲ್ ಆಡುವವರು ಪಕ್ಕಕ್ಕೆ ಜಿಗಿಯುತ್ತಾರೆ, ಗಕ್ಕನೆ ನಿಲ್ಲುತ್ತಾರೆ. ಎಲಾಸ್ಟಿಕ್ ಹಿಗ್ಗಿ ಶೂ ಒಳಗೆ ಪಾದ ಜಾರಿದರೆ ಕಾಲು ಉಳುಕಬಹುದು. ನೂರು ಮೀಟರ್ ಓಡುವವರ ಸ್ಪೈಕ್ಸಿಗೂ (ಅಡಿಯಲ್ಲಿ ಮೊಳೆ ಇರುವ ಶೂ) ಗಟ್ಟಿ ಲೇಸೇ ಬೇಕು. ಪೊಸಡಿಗುಂಪೆಯಂಥ ಗುಡ್ಡ ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ, ಅಲ್ಲಿಗೂ ಬೇಡ. ರಸ್ತೆ ಓಟಕ್ಕೆ, ನಡಿಗೆಗೆ, ಟ್ರಯಥ್ಲಾನಿಗೆ ಇದು ತಕ್ಕದ್ದು. ಬಗ್ಗಲು ಆಗದ ಸೊಂಟನೋವಿನವರಿಗೆ, ಬೆರಳ ಸಂಧಿ ನೋಯುವ ಹಿರಿಯರಿಗಂತೂ ಇದರಿಂದ ದೊಡ್ಡ ಉಪಕಾರ.

ಬೇಕಲದಲ್ಲೋ ಕುಂಬಳೆಯಲ್ಲೋ ಸಮುದ್ರ ತೀರದಲ್ಲಿ ಓಡುವವರು ಒಂದು ವಿಷಯ ನೆನಪಿಡಬೇಕು. ಬಟನ್ ಒಳಗೆ ಹೊಯಿಗೆ ಸೇರುತ್ತದೆ, ಉಪ್ಪು ಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ಒಣಗಿಸಿ. ಎಲಾಸ್ಟಿಕ್ ಕೂಡ ಕಾಲಕ್ರಮೇಣ ಜೋತು ಬೀಳುತ್ತದೆ. ಆಗ ಬದಲಿಸಬೇಕು, ಮತ್ತೆ ಮತ್ತೆ ಬಿಗಿ ಮಾಡಿ ಎಳೆಯಬಾರದು.

ಈಗ ನನ್ನ ಕೋರಿಕೆ. ನಮ್ಮ ಜಿಲ್ಲೆಯಲ್ಲಿ ಓಟದ ಸ್ಪರ್ಧೆ ನಡೆಸುವ ಕ್ಲಬ್ಬಿನವರು ಬಂದವರಿಗೆಲ್ಲ ಟೀ ಶರ್ಟು ಕೊಡುತ್ತಾರೆ. ಹೆಚ್ಚಿನವರ ಮನೆಯಲ್ಲಿ ಅಂಥ ಟೀ ಶರ್ಟು ಈಗಾಗಲೇ ರಾಶಿ ಇದೆ. ಒಂದು ವರ್ಷ ಅದರ ಬದಲು ಒಂದು ಜತೆ ಎಲಾಸ್ಟಿಕ್ ಲೇಸ್ ಕೊಡಿ. ಕಾಸರಗೋಡು ಪೇಟೆಯ ಶೂ ಅಂಗಡಿಯವರೂ ತರಿಸಿಡಲಿ, ಎಲ್ಲರಿಗೂ ಆನ್‌ಲೈನ್‌ನಲ್ಲಿ ತರಿಸಲು ಗೊತ್ತಿರುವುದಿಲ್ಲ. ಉಪಜಿಲ್ಲಾ ಕ್ರೀಡಾಕೂಟಕ್ಕೆ 3,000 ಮೀಟರ್ ಓಡಿಸಲು ಮಕ್ಕಳನ್ನು ಕರೆದುಕೊಂಡು ಹೋಗುವ ಪಿ.ಟಿ. ಮಾಸ್ತರುಗಳು, ಟೀಚರುಗಳು ಓಟಕ್ಕೆ ಮೊದಲು ಪ್ರತಿ ಮಗುವಿನ ಶೂ ಒಮ್ಮೆ ನೋಡಲಿ. ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಸೈಜು ದೊಡ್ಡ ಶೂ ಹಾಕಿಸಿರುವ ಮಕ್ಕಳೇ ಜಾಸ್ತಿ, ಅವರಿಗೆ ಮೊದಲು ಬೇಕಾದ್ದು ಸರಿಯಾದ ಸೈಜಿನ ಶೂ, ಲೇಸ್ ಆಮೇಲೆ. ನೀವೂ ಕ್ರೀಡಾ ಪುಟದಲ್ಲಿ ಈ ಲೇಸ್ ಪೋಣಿಸುವ ಕ್ರಮವನ್ನು ಚಿತ್ರ ಸಮೇತ ಒಮ್ಮೆ ಹಾಕಿ. ಪೊಟ್ಟಣದ ಮೇಲಿನ ಇಂಗ್ಲಿಷ್ ಓದಲು ಬಾರದ ನಮ್ಮ ಹಿರಿಯರು ಅದನ್ನು ನೋಡಿ ತಾವೇ ಹಾಕಿಕೊಂಡಾರು.

— ಒಬ್ಬ ಓದುಗ, ಕುಂಬಳೆ, ಕಾಸರಗೋಡು ಜಿಲ್ಲೆ